ಎರಡು ಗಾಗ್ರಾ, ಒಂದು ವಿಶ್ವಕಪ್: ಅಬ್ಖಾಜಿಯಾ 2016ರ ಪ್ರಕರಣ

ಅಬ್ಖಾಜಿಯಾದಲ್ಲಿ, ಅಂದರೆ ಜಾರ್ಜಿಯಾದಿಂದ ಬೇರೆಯಾಗಿ ನಿಂತ ಆದರೆ ಜಗತ್ತಿನ ಹೆಚ್ಚಿನವರು ದೇಶ ಅಂತ ಒಪ್ಪದ ನಾಡಲ್ಲಿ, ಗಾಗ್ರಾ ಅಂತ ಒಂದು ಊರಿದೆ. ಮುಂದೆ ಕಪ್ಪು ಸಮುದ್ರ, ಬೆನ್ನಿಗೆ ಕಾಕಸಸ್ ಬೆಟ್ಟ. ಸೋವಿಯತ್ ಕಾಲದಲ್ಲಿ ರಜೆ ಸಿಕ್ಕರೆ ಸಾಕು, ಜನ ಇಲ್ಲಿಗೆ ಮುಗಿಬೀಳುತ್ತಿದ್ದರು. 2016ರಲ್ಲಿ ಈ ಊರಿನ ಪುಟ್ಟ ಸ್ಟೇಡಿಯಂನಲ್ಲಿ ಒಂದು ವಿಶ್ವಕಪ್‌ನ ಪಂದ್ಯಗಳು ನಡೆದವು. ಫಿಫಾದ್ದಲ್ಲ, ಬೇರೆಯದು.

ಅದೇ ಹೊತ್ತಿಗೆ ಎಫ್‌ಸಿ ಗಾಗ್ರಾ ಅನ್ನುವ ಒಂದು ಕ್ಲಬ್ಬೂ ಇತ್ತು, ಈಗಲೂ ಇದೆ. ಅದು ಹುಟ್ಟಿದ್ದು 2004ರಲ್ಲಿ, ಗಾಗ್ರಾದಲ್ಲಲ್ಲ, ನೂರಾರು ಕಿಲೋಮೀಟರ್ ದೂರದ ಜಾರ್ಜಿಯಾ ರಾಜಧಾನಿ ಟಿಬಿಲಿಸಿಯಲ್ಲಿ. 2011ರಲ್ಲಿ ಜಾರ್ಜಿಯಾದ ಕಪ್ ಕೂಡ ಗೆದ್ದಿತು. ಆದರೆ ತನ್ನ ಎದೆಯ ಮೇಲೆ ಯಾವ ಊರಿನ ಹೆಸರು ಹೊತ್ತಿದೆಯೋ ಆ ಊರಲ್ಲಿ ಒಂದೇ ಒಂದು ಪಂದ್ಯ ಆಡಿಲ್ಲ. ಆಡಲು ಆಗುವುದೂ ಇಲ್ಲ.

ಮಾನ್ಯತೆ ಇಲ್ಲದ ನಾಡುಗಳ ಫುಟ್‌ಬಾಲ್ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಒಂದೇ ದನಿಯವು. ಪಾಪ, ಇವರಿಗೂ ಒಂದು ಮೈದಾನ ಸಿಕ್ಕಿತು, ಇವರೂ ಬಾವುಟ ಹಾರಿಸಿದರು, ಕಣ್ಣಲ್ಲಿ ನೀರು ಬಂತು. ಸುಳ್ಳೇನಲ್ಲ ಅದು. ನನಗೂ ಇಂಥ ಪಂದ್ಯಗಳು ಇಷ್ಟ, ದೊಡ್ಡ ವಿಶ್ವಕಪ್‌ಗಿಂತ ಇವನ್ನೇ ಜಾಸ್ತಿ ಹಿಂಬಾಲಿಸಿದ್ದೇನೆ ಅಂದರೂ ತಪ್ಪಿಲ್ಲ. ಆದರೆ ಈ ಒಂದು ಟೂರ್ನಿಯನ್ನು ಬಿಚ್ಚಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಇಂಥ ಕೂಟದಲ್ಲಿ ಯಾರು ಆಡುತ್ತಾರೆ ಅನ್ನುವುದು ಅಷ್ಟು ದೊಡ್ಡ ಜಗಳದ ವಿಷಯವಲ್ಲ. ಎಲ್ಲಿ ಆಡಿಸುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ.

ಯಾರು ನಡೆಸುವುದು

ನಡೆಸುವ ಸಂಸ್ಥೆಯ ಹೆಸರು ಕೊನಿಫಾ, ಫಿಫಾದ ಹೊರಗಿರುವ ತಂಡಗಳ ಒಕ್ಕೂಟ. 2013ರ ಜೂನ್‌ನಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷ ಪೆರ್-ಆಂಡರ್ಸ್ ಬ್ಲಿಂಡ್, ಸ್ವೀಡನ್ನಿನವರು, ಸಾಮಿ ಜನಾಂಗದವರು. ಅಂದರೆ ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ಹೀಗೆ ನಾಲ್ಕು ದೇಶಗಳಲ್ಲಿ ಹಂಚಿಹೋಗಿರುವ, ಹಿಮಸಾರಂಗ ಸಾಕುವ ಜನ. ತಮ್ಮದೇ ದೇಶ ಇಲ್ಲ ಅನ್ನುವುದು ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಸ್ಥೆಯಲ್ಲಿ ದುಡಿಯುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಇದಕ್ಕೂ ಮುಂಚೆ ವಿವಾ ವಿಶ್ವಕಪ್ ಅಂತ ಒಂದು ನಡೆಯುತ್ತಿತ್ತು, 2006ರಿಂದ 2012ರವರೆಗೆ. ಅದು ನಿಂತ ಜಾಗದಲ್ಲಿ ಇದು ಬೆಳೆಯಿತು.

ಇಂಥದ್ದೊಂದು ಯಾಕೆ ಬೇಕಾಯಿತು ಅಂದರೆ ಫಿಫಾದ ಬಾಗಿಲು ಚಿಕ್ಕದು. ಅಂತರರಾಷ್ಟ್ರೀಯ ಸಮುದಾಯ ಮಾನ್ಯ ಮಾಡಿದ ಸ್ವತಂತ್ರ ದೇಶವಾಗಿರಬೇಕು ಅನ್ನುವುದು ನಿಯಮ. ಹಾಗಂತ ನಿಯಮ ಎಲ್ಲರಿಗೂ ಒಂದೇ ಥರ ಇದೆಯಾ? ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಬೇರೆ ಬೇರೆ ತಂಡ. ಡೆನ್ಮಾರ್ಕ್‌ನ ಭಾಗವಾದ ಫೆರೋ ದ್ವೀಪಗಳು 1988ರಿಂದ ಒಳಗಿವೆ, ಅದೇ ಡೆನ್ಮಾರ್ಕ್‌ನ ಗ್ರೀನ್‌ಲ್ಯಾಂಡ್ ಹೊರಗೆ. ಪ್ಯಾಲೆಸ್ಟೈನ್ 1998ರಲ್ಲಿ ಒಳಗೆ ಬಂತು. ಇನ್ನು 2016ರ ಮೇ 13ರಂದು, ಅಂದರೆ ನಮ್ಮ ಈ ಟೂರ್ನಿ ಶುರುವಾಗುವ ಬರೀ ಎರಡು ವಾರ ಮುಂಚೆ, ಮೆಕ್ಸಿಕೋ ನಗರದಲ್ಲಿ ಸೇರಿದ ಫಿಫಾ ಸಭೆ ಕೊಸೊವೊ ಮತ್ತು ಜಿಬ್ರಾಲ್ಟರ್ ಎರಡನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತು. ಕೊಸೊವೊಗೆ ವಿಶ್ವಸಂಸ್ಥೆಯ ಸದಸ್ಯತ್ವ ಇಲ್ಲ, ಆದರೆ ನೂರಕ್ಕೂ ಹೆಚ್ಚು ದೇಶಗಳ ಮಾನ್ಯತೆ ಆಗ ಇತ್ತು. ಅಬ್ಖಾಜಿಯಾಕ್ಕೆ ಆಗ ಇದ್ದದ್ದು ನಾಲ್ಕು: ರಷ್ಯಾ, ನಿಕರಾಗುವಾ, ವೆನೆಜುವೆಲಾ, ನೌರು. ವನುವಾಟು, ಟುವಾಲು ಎರಡೂ ಮಾನ್ಯತೆ ಕೊಟ್ಟು ಆಮೇಲೆ ಹಿಂದಕ್ಕೆ ತೆಗೆದುಕೊಂಡಿದ್ದವು. ಕೊಟ್ಟ ಮಾತು ಹೀಗೆ ವಾಪಸ್ ಪಡೆಯಬಹುದು ಅನ್ನುವುದೇ ನನಗೆ ಮೊದಲು ಗೊತ್ತಿರಲಿಲ್ಲ.

ಬಾಗಿಲಾಚೆ ನಿಂತವರ ಸಾಲು ಒಂದೇ ಬಗೆಯದಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. 2016ರಲ್ಲಿ ಬಂದ 12 ತಂಡಗಳನ್ನು ನೋಡಿ: ಅಬ್ಖಾಜಿಯಾ, ಉತ್ತರ ಸೈಪ್ರಸ್, ಸೊಮಾಲಿಲ್ಯಾಂಡ್ ಇವು ಸ್ವಂತ ಸರ್ಕಾರ, ಪೊಲೀಸು, ಗಡಿ ಎಲ್ಲಾ ಇದ್ದೂ ಜಗತ್ತು ದೇಶ ಅಂತ ಒಪ್ಪದವು, ಕುರ್ದಿಸ್ತಾನ ಇರಾಕ್‌ನೊಳಗೆ ಸ್ವಾಯತ್ತ ಪ್ರಾಂತ್ಯ, ಸೆಕೆಲಿ ಲ್ಯಾಂಡ್ ರೊಮೇನಿಯಾದ ಹಂಗೇರಿಯನ್ ಭಾಷಿಕರದ್ದು, ಸಾಪ್ಮಿ ಆಗಲೇ ಹೇಳಿದ ಸಾಮಿ ಜನರದ್ದು, ಪಶ್ಚಿಮ ಅರ್ಮೇನಿಯಾ ನೂರು ವರ್ಷದ ಹಿಂದೆ ಕಳೆದುಕೊಂಡ ನೆಲದ ನೆನಪಿನದ್ದು, ಪದಾನಿಯಾ ಇಟಲಿಯ ಉತ್ತರ ಭಾಗ, ರೇಶಿಯಾ ಸ್ವಿಟ್ಜರ್ಲೆಂಡ್ ಕಡೆಯದ್ದು, ಜಪಾನ್‌ನಲ್ಲಿ ನೆಲೆಸಿದ ಕೊರಿಯನ್ನರದ್ದೊಂದು ತಂಡ, ಮತ್ತೆ ಚಾಗೋಸ್, ಪಂಜಾಬ್. ಕೆಲವರಿಗೆ ದೇಶ ಬೇಕು. ಕೆಲವರಿಗೆ ಬೇಡವೇ ಬೇಡ, ನಾವೂ ಒಂದು ಜನ ಅಂತ ತೋರಿಸಿಕೊಂಡರೆ ಸಾಕು. ಪಂಜಾಬ್ ತಂಡ ಕಟ್ಟಿದ್ದು ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳು, 2014ರಲ್ಲಿ. ಗಡಿಯ ಈಚೆ ಆಚೆ ಎರಡೂ ಕಡೆಯ, ಹಾಗೆಯೇ ಜಗತ್ತಿಡೀ ಹರಡಿರುವ ಪಂಜಾಬಿಗಳ ತಂಡ ತಮ್ಮದು ಅನ್ನುತ್ತಾರೆ. ಇಂಗ್ಲೆಂಡಿನ ಕೆಳ ಹಂತದ ಲೀಗ್‌ಗಳಲ್ಲಿ ಆಡುವ ಹುಡುಗರೇ ಅದರಲ್ಲಿ ಹೆಚ್ಚು.

ಕೊನಿಫಾ ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ನಾವು ರಾಜಕೀಯ ಮಾಡುವುದಿಲ್ಲ, ಯಾರು ದೇಶ ಯಾರು ಅಲ್ಲ ಅಂತ ತೀರ್ಪು ಕೊಡುವುದಿಲ್ಲ, ಫುಟ್‌ಬಾಲ್ ಆಡಿಸುತ್ತೇವೆ ಅಷ್ಟೇ ಅನ್ನುವುದು ಅದರ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. 2014ರಲ್ಲಿ ಸ್ವೀಡನ್ನಿನ ಎಸ್ಟರ್‌ಸುಂಡ್‌ನಲ್ಲಿ ಮೊದಲ ವಿಶ್ವಕಪ್ ನಡೆದಾಗ ಈ ಮಾತು ನಡೆಯಿತು. ಅಲ್ಲೂ ಅಬ್ಖಾಜಿಯಾ ಆಡಿತ್ತು, ಅದರ ಹಾಗೇ ಜಾರ್ಜಿಯಾದಿಂದ ಬೇರೆಯಾಗಿ ನಿಂತ ದಕ್ಷಿಣ ಒಸೆಟಿಯಾ ಕೂಡ. ಸ್ವೀಡನ್ನಿನ ಒಂದು ತಣ್ಣನೆಯ ಊರಲ್ಲಿ ಯಾರು ಯಾವ ಬಾವುಟ ಹಿಡಿದು ಓಡಿದರೂ ಯಾರ ಮನೆಯ ಹಂಚೂ ಹಾರಿಹೋಗುವುದಿಲ್ಲ. ಎರಡನೇ ಸಲ ಆತಿಥ್ಯ ಅಬ್ಖಾಜಿಯಾಕ್ಕೇ ಸಿಕ್ಕಿತು. 2016ರ ಮೇ 28ರಿಂದ ಜೂನ್ 5, ರಾಜಧಾನಿ ಸುಖುಮಿ ಮತ್ತು ಗಾಗ್ರಾ.

ಅಲ್ಲಿಗೆ ಹೋಗುವುದು

ಅಬ್ಖಾಜಿಯಾಕ್ಕೆ ಹೋಗಲು ಆಗ ಇದ್ದದ್ದು ಎರಡು ದಾರಿ. ಒಂದು ಜಾರ್ಜಿಯಾ ಕಡೆಯಿಂದ, ಎಂಗುರಿ ನದಿಯ ಸೇತುವೆ ದಾಟಿ. ಇನ್ನೊಂದು ರಷ್ಯಾ ಕಡೆಯಿಂದ, ಸೋಚಿ ವಿಮಾನ ನಿಲ್ದಾಣಕ್ಕೆ ಇಳಿದು, ಹತ್ತಿರದಲ್ಲೇ ಇರುವ ಪ್ಸೌ ನದಿ ದಾಟಿ. ತಂಡಗಳು ಹೋಗಿದ್ದು ಎರಡನೇ ದಾರಿಯಲ್ಲಿ.

ಇಲ್ಲೇ ಕಗ್ಗಂಟು. ಜಾರ್ಜಿಯಾ 2008ರಲ್ಲಿ ಒಂದು ಕಾನೂನು ಮಾಡಿದೆ, ಆಕ್ರಮಿತ ಪ್ರದೇಶಗಳ ಕಾನೂನು ಅಂತ. ಅದರ ಪ್ರಕಾರ ಅಬ್ಖಾಜಿಯಾ ಜಾರ್ಜಿಯಾದ್ದೇ ನೆಲ, ವಿದೇಶಿಯರು ಹೋಗುವುದಾದರೆ ಜಾರ್ಜಿಯಾ ಕಡೆಯಿಂದಲೇ ಹೋಗಬೇಕು. ರಷ್ಯಾ ಕಡೆಯಿಂದ ಹೋದರೆ ಅಪರಾಧ. ದಂಡ ಬೀಳಬಹುದು, ಜೈಲೂ ಆಗಬಹುದು. ಅಂದರೆ ಪ್ಸೌ ದಾಟಿದ ಪ್ರತಿ ಆಟಗಾರ, ಪ್ರತಿ ಕೋಚ್, ಬೂಟು ಚೀಲ ಹೊರುವ ಸಹಾಯಕ ಸಹಿತ, ಜಾರ್ಜಿಯಾದ ಲೆಕ್ಕದಲ್ಲಿ ಕಾನೂನು ಮುರಿದವರು. ಮುಂದೆ ಯಾವತ್ತಾದರೂ ಟಿಬಿಲಿಸಿ ನೋಡುವ ಆಸೆ ಇದ್ದವರು ಎರಡು ಸಲ ಯೋಚಿಸಬೇಕಿತ್ತು.

ಕಾಗದಪತ್ರವೂ ಅಷ್ಟೇ ಮಜಾ. ರಷ್ಯಾದ ವೀಸಾ ಒಂದು ಸಲ ಒಳಗೆ ಹೋಗುವುದಕ್ಕೆ ಇದ್ದರೆ ಸಾಲದು, ಎರಡು ಸಲದ್ದು ಬೇಕು. ಯಾಕೆಂದರೆ ಪ್ಸೌ ದಾಟಿದರೆ ರಷ್ಯಾದ ಲೆಕ್ಕದಲ್ಲಿ ನೀವು ರಷ್ಯಾ ಬಿಟ್ಟು ಬೇರೆ ದೇಶಕ್ಕೆ ಹೋದಿರಿ, ವಿಮಾನ ಹತ್ತಲು ಮತ್ತೆ ಒಳಗೆ ಬರಬೇಕು. ಅಬ್ಖಾಜಿಯಾದ ವಿದೇಶಾಂಗ ಇಲಾಖೆ ಮೊದಲೇ ಒಂದು ಪ್ರವೇಶ ಪತ್ರ ಕಳಿಸುತ್ತದೆ. ಅದರ ವೀಸಾ ಪಾಸ್‌ಪೋರ್ಟ್‌ಗೆ ಅಂಟಿಸುವಂಥದ್ದಲ್ಲ, ಬೇರೆ ಹಾಳೆ. ಇದ್ದೂ ಇಲ್ಲದ ಹಾಗೆ. ದೇಶವೇ ಹಾಗಿರುವಾಗ ವೀಸಾ ಬೇರೆ ಥರ ಹೇಗಿದ್ದೀತು.

ಬ್ರಿಟನ್ ಸರ್ಕಾರವಂತೂ ತನ್ನ ಪ್ರಜೆಗಳಿಗೆ ಅಬ್ಖಾಜಿಯಾಕ್ಕೆ ಹೋಗಲೇಬೇಡಿ ಅಂತ ಹೇಳುತ್ತಾ ಬಂದಿದೆ. ಅಲ್ಲಿ ಏನಾದರೂ ಆದರೆ ರಾಯಭಾರ ಕಚೇರಿ ಇಲ್ಲ, ಸಹಾಯಕ್ಕೆ ಬರುವವರಿಲ್ಲ. ಇಂಗ್ಲೆಂಡಿನಲ್ಲಿ ವಾರವಿಡೀ ಬೇರೆ ಕೆಲಸ ಮಾಡಿ, ವಾರದ ಕೊನೆಯಲ್ಲಿ ಆಡುವ ಹುಡುಗನ ಜಾಗದಲ್ಲಿ ನಿಂತು ನೋಡಿ. ರಜೆ ಹಾಕಬೇಕು, ಸರ್ಕಾರ ಬೇಡ ಅಂದ ಕಡೆ ಹೋಗಬೇಕು, ಕಾಲು ಮುರಿದರೆ ನೋಡಿಕೊಳ್ಳುವವರು ಯಾರು ಅಂತ ಗೊತ್ತಿಲ್ಲ. ಆದರೂ ಹೋದರು. ಇದನ್ನು ನಾನು ಸುಮ್ನೆ ಹೊಗಳಿಕೆಗೆ ಹೇಳುತ್ತಿಲ್ಲ. ಆಟಗಾರರ ಮಟ್ಟಿಗೆ ಈ ಟೂರ್ನಿಯ ಹಸಿವು ಎಂಥದ್ದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸ್ಟೇಡಿಯಂ ಕೆಳಗಿನ ನೆಲ

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇದನ್ನು ಬಿಟ್ಟು ಬರೆದರೆ ಪ್ರಕರಣವೇ ಅರ್ಥವಾಗುವುದಿಲ್ಲ.

1989ರ ಸೋವಿಯತ್ ಜನಗಣತಿಯ ಪ್ರಕಾರ ಅಬ್ಖಾಜಿಯಾದಲ್ಲಿ ಸುಮಾರು 5.25 ಲಕ್ಷ ಜನ. ಅದರಲ್ಲಿ ಜಾರ್ಜಿಯನ್ನರು ಶೇ 46ರಷ್ಟು. ಅಬ್ಖಾಜ್ ಜನ ಶೇ 18ರ ಒಳಗೆ. ತಮ್ಮ ಹೆಸರಿನ ನಾಡಲ್ಲೇ ಐದರಲ್ಲಿ ಒಬ್ಬರೂ ಇಲ್ಲ. ಇದು ತಾನಾಗಿ ಆದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯಾದ ಝಾರ್ ಕಾಲದಲ್ಲಿ ಸಾವಿರಾರು ಅಬ್ಖಾಜರನ್ನು ಆಟೊಮನ್ ಸಾಮ್ರಾಜ್ಯಕ್ಕೆ ಓಡಿಸಲಾಯಿತು. ಸ್ಟಾಲಿನ್ ಕಾಲದಲ್ಲಿ ಅವರ ಭಾಷೆಯ ಶಾಲೆಗಳು ಮುಚ್ಚಿದವು, ಹೊರಗಿನಿಂದ ಜನರನ್ನು ತಂದು ನೆಲೆಗೊಳಿಸಿದರು. ಈ ಭಯ ಅವರ ಮೂಳೆಯಲ್ಲಿದೆ.

1992ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಪಡೆ ಸುಖುಮಿಗೆ ನುಗ್ಗಿತು. ಆ ಅಕ್ಟೋಬರ್‌ನಲ್ಲಿ ಸುಖುಮಿಯಲ್ಲಿದ್ದ ಅಬ್ಖಾಜಿಯಾದ ರಾಷ್ಟ್ರೀಯ ದಾಖಲೆಗಳ ಭಂಡಾರ ಸುಟ್ಟು ಬೂದಿಯಾಯಿತು. ಒಂದು ಚಿಕ್ಕ ಜನಾಂಗದ ಕಾಗದದ ಮೇಲಿನ ನೆನಪೆಲ್ಲ ಒಂದೇ ದಿನಕ್ಕೆ ಹೋಯಿತು. ಅದೇ ತಿಂಗಳು ಅಬ್ಖಾಜ್ ಹೋರಾಟಗಾರರು ಉತ್ತರ ಕಾಕಸಸ್‌ನಿಂದ ಬಂದವರ ಜೊತೆ ಸೇರಿ ಗಾಗ್ರಾ ಹಿಡಿದರು. ಅಲ್ಲಿದ್ದ ಜಾರ್ಜಿಯನ್ನರ ಗತಿ ಭೀಕರವಾಯಿತು. 1993ರ ಸೆಪ್ಟೆಂಬರ್ 27ಕ್ಕೆ ಸುಖುಮಿಯೂ ಬಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆ ಬಿಟ್ಟು ಓಡಿದ್ದರು. ಇದು ಜನಾಂಗವನ್ನೇ ಹೊರಹಾಕಿದ ಕೃತ್ಯ ಅಂತ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ 1994ರ ಬುಡಾಪೆಸ್ಟ್ ಸಮಾವೇಶದಲ್ಲೇ ಗುರುತಿಸಿತು. 2011ರ ಎಣಿಕೆಯಲ್ಲಿ ಅಬ್ಖಾಜಿಯಾದ ಜನಸಂಖ್ಯೆ 2.4 ಲಕ್ಷ. ಹಳೆಯದರ ಅರ್ಧಕ್ಕಿಂತ ಕಡಿಮೆ.

ಎರಡೂ ಕಡೆಯವರಿಗೆ ಅವರವರ ಗಾಯ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವ ಬರಹಗಳು ಬೇಕಾದಷ್ಟಿವೆ, ಅದಕ್ಕೇ ಎರಡನ್ನೂ ಬರೆದೆ.

ಫುಟ್‌ಬಾಲ್ ಕೂಡ ಈ ಕಥೆಯೊಳಗೇ ಇದೆ. ಅಬ್ಖಾಜಿಯಾದ ಒಚಮ್ಚಿರಾ ಊರಲ್ಲಿ ಹುಟ್ಟಿದ ವಿಟಾಲಿ ದರಾಸೆಲಿಯಾ 1981ರ ಮೇ 13ರಂದು ಡ್ಯುಸೆಲ್‌ಡಾರ್ಫ್‌ನಲ್ಲಿ ಡಿನಮೋ ಟಿಬಿಲಿಸಿಗೆ ಗೆಲುವಿನ ಗೋಲು ಹೊಡೆದು ಕಪ್ ವಿನ್ನರ್ಸ್ ಕಪ್ ತಂದುಕೊಟ್ಟ. ಆಗ ಅಬ್ಖಾಜಿಯಾದ ಹುಡುಗ ಟಿಬಿಲಿಸಿಗೆ ಆಡುವುದು ಯಾರಿಗೂ ವಿಚಿತ್ರ ಅನ್ನಿಸುವ ವಿಷಯವಾಗಿರಲಿಲ್ಲ. ಗುದೌತಾದಲ್ಲಿ ಹುಟ್ಟಿದ ಅಖ್ರಿಕ್ ತ್ಸ್ವೀಬಾ ಸೋವಿಯತ್ ಒಕ್ಕೂಟ, ಅದು ಒಡೆದ ಮೇಲೆ ಬಂದ ಸಿಐಎಸ್, ಉಕ್ರೇನ್, ರಷ್ಯಾ ಹೀಗೆ ನಾಲ್ಕು ರಾಷ್ಟ್ರೀಯ ತಂಡಗಳ ಅಂಗಿ ಹಾಕಿದ. ಹುಟ್ಟಿದ ನಾಡಿನ ಅಂಗಿಗೆ ಮಾತ್ರ ಫಿಫಾದಲ್ಲಿ ಗೂಟವಿಲ್ಲ. ಇನ್ನು ಗಾಗ್ರಾದ ಸ್ಟೇಡಿಯಂ ಇದೆಯಲ್ಲ, ಅದರ ಹೆಸರು ದೌರ್ ಅಖ್ವ್ಲೆದಿಯಾನಿ. ಆತ ಫುಟ್‌ಬಾಲ್ ಆಟಗಾರ, ಅದೇ ಯುದ್ಧದಲ್ಲಿ ಸತ್ತವನು.

ಅಂದರೆ ಆ ಮೈದಾನಕ್ಕೆ ಆಗಲೇ ಒಂದು ಪಕ್ಷ ಇದೆ. ಗೇಟಿನ ಮೇಲೆ ಬರೆದಿರುವ ಹೆಸರೇ ಹೇಳುತ್ತದೆ. ಅಲ್ಲಿ ಬಂದು ನಿಂತು ನಮ್ಮದು ಬರೀ ಆಟ ಅನ್ನುವುದು ಕೊನಿಫಾಕ್ಕೆ ಸುಲಭ, ಟಿಬಿಲಿಸಿಯಲ್ಲಿ ಕೂತ ಎಫ್‌ಸಿ ಗಾಗ್ರಾದವರಿಗೆ ಅದನ್ನು ನಂಬುವುದು ಹೇಗೆ ಸುಲಭವಾದೀತು?

ಮೈದಾನದಲ್ಲಿ

ಇಷ್ಟೆಲ್ಲ ಹೇಳಿದ ಮೇಲೆ ಆಟ ಚೆನ್ನಾಗಿತ್ತಾ ಅಂದರೆ, ಹೌದು, ಚೆನ್ನಾಗಿತ್ತು.

ಮೂರು ಮೂರು ತಂಡಗಳ ನಾಲ್ಕು ಗುಂಪು. ಸೋತವರೂ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಿಲ್ಲ, ಒಂಬತ್ತನೇ ಸ್ಥಾನಕ್ಕೆ, ಹನ್ನೊಂದನೇ ಸ್ಥಾನಕ್ಕೆ ಅಂತ ಆಡುತ್ತಲೇ ಇರಬಹುದು. ನನಗೆ ಈ ಪದ್ಧತಿ ಬಹಳ ಇಷ್ಟ. ಅಷ್ಟು ದೂರ, ಅಷ್ಟು ಕಷ್ಟಪಟ್ಟು ಬಂದವರನ್ನು ಎರಡು ಪಂದ್ಯಕ್ಕೆ ಮನೆಗೆ ಕಳಿಸುವುದು ಯಾವ ನ್ಯಾಯ.

ಗುಂಪು ಹಂತದಲ್ಲಿ ಅಬ್ಖಾಜಿಯಾ ಚಾಗೋಸ್ ತಂಡವನ್ನು 9-0ರಿಂದ ಸೋಲಿಸಿತು. ಅಂಕಪಟ್ಟಿಯಲ್ಲಿ ನೋಡಿದರೆ ಒಂದು ಬಡಪಾಯಿ ತಂಡದ ಸೋಲು. ಆದರೆ ಚಾಗೋಸ್ ಜನ ಯಾರು? ಹಿಂದೂ ಮಹಾಸಾಗರದ ದ್ವೀಪಗಳವರು. 1968ರಿಂದ 1973ರ ನಡುವೆ ಬ್ರಿಟನ್ ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿತು, ಡಿಯಾಗೋ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಬೇಕಿತ್ತು. ಈಗ ಅವರು ಮಾರಿಷಸ್‌ನಲ್ಲಿ, ಸೆಶೆಲ್ಸ್‌ನಲ್ಲಿ, ಲಂಡನ್ ಹತ್ತಿರದ ಕ್ರಾಲಿಯಲ್ಲಿ ಇದ್ದಾರೆ. ಮನೆಯಿಂದ ಹೊರದಬ್ಬಿಸಿಕೊಂಡವರ ಮೊಮ್ಮಕ್ಕಳ ಕಾಲದ ಹುಡುಗರು, ಬೇರೆ ಯಾರನ್ನೋ ಹೊರದಬ್ಬಿದ ನೆಲದಲ್ಲಿ ಬಂದು ಆಡುತ್ತಿದ್ದಾರೆ. ಅವರಲ್ಲಿ ಯಾರಿಗಾದರೂ ಇದು ಹೊಳೆದಿತ್ತಾ? ಒಂಬತ್ತು ಗೋಲು ತಿನ್ನುವಾಗ ಇದೆಲ್ಲ ಎಲ್ಲಿ ಹೊಳೆಯುತ್ತದೆ ಬಿಡಿ.

ಜೂನ್ 5ರ ಫೈನಲ್ ಸುಖುಮಿಯ ಡಿನಮೋ ಸ್ಟೇಡಿಯಂನಲ್ಲಿ, ಅಬ್ಖಾಜಿಯಾಕ್ಕೆ ಎದುರು ಪಂಜಾಬ್. ನಾಲ್ಕು ಸಾವಿರ ಚಿಲ್ಲರೆ ಜನ ಹಿಡಿಯುವ ಚಿಕ್ಕ, ಹೊಸದಾಗಿ ರಿಪೇರಿ ಮಾಡಿದ ಸ್ಟೇಡಿಯಂ. ತುಂಬಿ ತುಳುಕುತ್ತಿತ್ತು. ಎಲ್ಲಿ ನೋಡಿದರೂ ಹಸಿರು ಬಿಳಿ ಪಟ್ಟೆಯ ಬಾವುಟ, ಮೇಲಿನ ಮೂಲೆಯ ಕೆಂಪು ಚೌಕದಲ್ಲಿ ಒಂದು ಬಿಳಿ ಅಂಗೈ, ಅದರ ಮೇಲೆ ಕಮಾನಿನ ಹಾಗೆ ಏಳು ನಕ್ಷತ್ರ. ಅದೇ ಪಟ್ಟಣದ ನಡುವೆ ಯುದ್ಧದಲ್ಲಿ ಸುಟ್ಟ ಹಳೆಯ ಸರ್ಕಾರಿ ಕಟ್ಟಡ ಕಿಟಕಿಗಳಿಲ್ಲದೆ, ಎಲುಬುಗೂಡಿನಂತೆ, ಇಪ್ಪತ್ತು ವರ್ಷ ದಾಟಿದರೂ ಹಾಗೇ ನಿಂತಿತ್ತು.

ಎರಡನೇ ಅರ್ಧದಲ್ಲಿ ಪಂಜಾಬ್‌ನ ಅಮರ್ ಪುರೆವಾಲ್ ಗೋಲು ಹೊಡೆದ. ಅವನ ಅವಳಿ ಸೋದರನೂ ಅದೇ ತಂಡದಲ್ಲಿ. ಆತಿಥೇಯರ ಊರಲ್ಲಿ ಅವರ ಜನರ ಎದುರು 1-0. ಗಡಿಯಾರ ಓಡುತ್ತಿತ್ತು, ಪಂಜಾಬ್ ಬಿಗಿಯಾಗಿ ಹಿಡಿದಿತ್ತು, ಇನ್ನೇನು ಕೆಲವೇ ನಿಮಿಷ ಇದೆ ಅನ್ನುವಾಗ ಅಬ್ಖಾಜಿಯಾ ಸಮ ಮಾಡಿತು. ಆಮೇಲೆ ಪೆನಾಲ್ಟಿ. ಅಲ್ಲೂ ಐದೈದಕ್ಕೆ ಮುಗಿಯದೆ ಎಳೆದುಕೊಂಡು ಹೋಗಿ, ಕೊನೆಗೆ 6-5ಕ್ಕೆ ಅಬ್ಖಾಜಿಯಾ ಗೆದ್ದಿತು. ಜನ ಮೈದಾನಕ್ಕೆ ನುಗ್ಗಿದರು.

ಯಾರ ಪಕ್ಷ ವಹಿಸಿದ್ದರೂ ಆ ಕೊನೆಯ ಹತ್ತು ಹದಿನೈದು ನಿಮಿಷ ಎದೆ ಬಡಿದುಕೊಳ್ಳುವಂಥದ್ದೇ. ನನ್ನ ತಕರಾರೆಲ್ಲ ಗೊತ್ತಿದ್ದೂ ಆ ಜನರ ಖುಷಿಯನ್ನು ಸುಳ್ಳು ಅನ್ನಲಾರೆ. ಆ ಸ್ಟೇಡಿಯಂನಲ್ಲಿ ಕುಣಿಯುತ್ತಿದ್ದ ಹದಿನೈದು ವರ್ಷದ ಹುಡುಗ ಯಾರನ್ನೂ ಮನೆಯಿಂದ ಓಡಿಸಿಲ್ಲ. ಯುದ್ಧ ಮುಗಿದು ಎಂಟು ವರ್ಷಕ್ಕೆ ಹುಟ್ಟಿದವನು ಅವನು. ಅವನ ಪಾಸ್‌ಪೋರ್ಟ್ ಹೆಚ್ಚಿನ ದೇಶಗಳಲ್ಲಿ ನಡೆಯುವುದಿಲ್ಲ, ಹೊರಗೆ ಹೋಗಬೇಕಾದರೆ ರಷ್ಯಾದ್ದೇ ಗತಿ, ಜೇಬಿನಲ್ಲಿ ಇರುವುದೂ ರೂಬಲ್ಲೇ. ಅವನಿಗೆ ಗೊತ್ತಿರುವ ಒಂದೇ ಊರು ಅದು. ಅದಕ್ಕೆ ಒಂದು ಕಪ್ ಬಂದರೆ ಅವನು ಕುಣಿಯದೆ ಇನ್ಯಾರು ಕುಣಿಯಬೇಕು? ಅವನದೇ ವಯಸ್ಸಿನ ಇನ್ನೊಬ್ಬ ಹುಡುಗ, ಗಾಗ್ರಾದವರ ಮಗ, ಗಾಗ್ರಾವನ್ನೇ ನೋಡದವನು, ಟಿಬಿಲಿಸಿಯಲ್ಲಿ ಇರುತ್ತಾನಲ್ಲ, ಅವನೂ ಯಾರಿಗೂ ಏನೂ ಮಾಡಿಲ್ಲ.

ತಪ್ಪಿದ್ದು ಎಲ್ಲಿ

ಕೊನಿಫಾ ಪರವಾಗಿ ಹೇಳುವವರ ವಾದ ಗಟ್ಟಿಯೇ ಇದೆ. ಆತಿಥ್ಯ ವಹಿಸಲು ಸ್ಟೇಡಿಯಂ ಬೇಕು, ಹೋಟೆಲ್ ಬೇಕು, ದುಡ್ಡು ಹಾಕುವ ಸರ್ಕಾರ ಬೇಕು. ಸದಸ್ಯರಲ್ಲಿ ಇದೆಲ್ಲ ಇರುವವರು ಎಷ್ಟು ಜನ? ಚಾಗೋಸ್ ಮಾಡೀತೇ? ಕಡೆಗೆ ಉಳಿಯುವುದು ಸ್ವಂತ ಆಡಳಿತ ಇರುವ ಅಬ್ಖಾಜಿಯಾ, ಉತ್ತರ ಸೈಪ್ರಸ್ ಥರದವು. ಅವರಿಗೆ ಇಂಥ ಟೂರ್ನಿ ಬೇಕು, ಯಾಕೆಂದರೆ ಹೊರಗಿನ ಪತ್ರಕರ್ತರು ಬರುತ್ತಾರೆ, ಟಿವಿಯಲ್ಲಿ ಬಾವುಟ ಕಾಣುತ್ತದೆ, ಹನ್ನೊಂದು ತಂಡಗಳು ಬಂದು ನಿಮ್ಮ ಗಡಿಯಲ್ಲಿ ನಿಮ್ಮ ಕಾಗದ ತೋರಿಸಿ ಒಳಗೆ ಬರುತ್ತವೆ. ನಾಲ್ಕು ದೇಶದ ಮಾನ್ಯತೆ ಇರುವವರಿಗೆ ಇದು ಸಣ್ಣ ಲಾಭವಲ್ಲ. ಆಟಗಾರರಿಗೆ ಮೈದಾನ ಸಿಕ್ಕಿತು, ಸರ್ಕಾರಕ್ಕೆ ಹೆಸರು ಸಿಕ್ಕಿತು. ಇಬ್ಬರಿಗೂ ಲಾಭ, ಇನ್ನೇನು?

ಹೀಗೆ ನೋಡಿದರೆ ಸಂಸ್ಥೆಯ ಬಡತನವೇ ಅದನ್ನು ಅಲ್ಲಿಗೆ ತಳ್ಳಿತು ಅನ್ನಬೇಕು. ದುಡ್ಡಿಲ್ಲದ ಸಂಘ ದುಡ್ಡು ಕೊಡುವವರ ಅಂಗಳಕ್ಕೆ ಹೋಗುತ್ತದೆ. ಇದರಲ್ಲಿ ದುರುದ್ದೇಶ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೂ ಒಂದು ಕೆಲಸ ಮಾಡಬಹುದಿತ್ತು ಅನ್ನಿಸುತ್ತದೆ. ಊರು ಕಳೆದುಕೊಂಡ ಜಾರ್ಜಿಯನ್ನರ ಹೆಸರನ್ನು ಎತ್ತುವುದು. ಮೈದಾನಕ್ಕೆ ಕರೆಸುವುದು ಆಗದ ಮಾತು, ಅಬ್ಖಾಜಿಯಾ ಒಪ್ಪುತ್ತಿರಲಿಲ್ಲ, ಅವರೂ ಬರುತ್ತಿರಲಿಲ್ಲ. ಆದರೆ ನೆಲೆ ಇಲ್ಲದವರ ಪರ ನಿಲ್ಲುವ ಸಂಸ್ಥೆ ತಾನು ನಿಂತ ಜಾಗದಿಂದಲೇ ನೆಲೆ ಕಳೆದುಕೊಂಡ ಎರಡು ಲಕ್ಷ ಜನರಿದ್ದಾರೆ ಅಂತ ಗಟ್ಟಿಯಾಗಿ ಹೇಳಿದ್ದರೆ, ರಾಜಕೀಯ ಇಲ್ಲ ಅನ್ನುವ ಮಾತಿಗೆ ಸ್ವಲ್ಪ ತೂಕ ಬರುತ್ತಿತ್ತು. ಚಾಗೋಸ್‌ನವರ ಕಥೆ ಹೇಳುವ ಬಾಯಿ ಗಾಗ್ರಾದವರ ಕಥೆಗೆ ಮುಚ್ಚಿಕೊಂಡರೆ ಕೇಳುವವರಿಗೆ ಗೊತ್ತಾಗುತ್ತದೆ ಅಲ್ವಾ.

ಆಮೇಲೆ ಆದದ್ದು

2017ರಲ್ಲಿ ಕೊನಿಫಾದ ಯುರೋಪ್ ಕಪ್ ಉತ್ತರ ಸೈಪ್ರಸ್‌ನಲ್ಲಿ ನಡೆಯಿತು. ಅಲ್ಲಿನ ಕಥೆಯೂ ಇಂಥದ್ದೇ, 1974ರ ನಂತರ ಮನೆ ಬಿಟ್ಟ ಗ್ರೀಕ್ ಸೈಪ್ರಸ್ಸಿಗರು ದಕ್ಷಿಣದಲ್ಲಿದ್ದಾರೆ. ಪದಾನಿಯಾ ಗೆದ್ದಿತು.

2018ರ ವಿಶ್ವಕಪ್ ಲಂಡನ್ನಿಗೆ ಹೋಯಿತು. ಹೆಸರಿಗೆ ಆತಿಥೇಯರು ಬರಾವಾ, ಸೊಮಾಲಿಯಾದ ಕರಾವಳಿಯ ಒಂದು ಪಟ್ಟಣದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ತಂಡ. ಯಾರ ನೆಲವೂ ಅಲ್ಲದ ನೆಲ, ಜಗಳವಿಲ್ಲ ಅಂದುಕೊಂಡರೆ ತಪ್ಪಾಯಿತು. ಕಪ್ ಗೆದ್ದ ಕಾರ್ಪಾತಲ್ಯಾ ಉಕ್ರೇನ್‌ನ ಪಶ್ಚಿಮ ತುದಿಯ ಹಂಗೇರಿಯನ್ನರ ತಂಡ. ಫೈನಲ್‌ನಲ್ಲಿ ಉತ್ತರ ಸೈಪ್ರಸ್ಸನ್ನು ಪೆನಾಲ್ಟಿಯಲ್ಲಿ 3-2ಕ್ಕೆ ಸೋಲಿಸಿ ಇನ್ನೂ ಬೆವರು ಆರಿರಲಿಲ್ಲ, ಇದು ಪ್ರತ್ಯೇಕತಾವಾದ, ಈ ಆಟಗಾರರನ್ನು ಭದ್ರತಾ ಇಲಾಖೆ ವಿಚಾರಿಸಬೇಕು ಅಂತ ಉಕ್ರೇನ್‌ನ ಕ್ರೀಡಾ ಸಚಿವರೇ ಹೇಳಿದರು. ಹಾಲಿ ಚಾಂಪಿಯನ್ ಅಬ್ಖಾಜಿಯಾ ಗುಂಪು ಹಂತದಲ್ಲೇ ಹೊರಬಿತ್ತು. 2020ರದ್ದು ಸೊಮಾಲಿಲ್ಯಾಂಡ್‌ಗೆ ಅಂತ ಘೋಷಣೆ ಆಗಿ, ಅಲ್ಲಿಂದ ಉತ್ತರ ಮ್ಯಾಸಿಡೋನಿಯಾದ ಸ್ಕೋಪಿಯೆಗೆ ಬದಲಾಗಿ, ಕಡೆಗೆ ಕೋವಿಡ್‌ನಿಂದ ನಡೆಯಲೇ ಇಲ್ಲ.

ಈ ನಡುವೆ 2019ರ ಯುರೋಪ್ ಕಪ್ ಒಂದಿದೆ. ಅದು ನಡೆದದ್ದು ಆರ್ಟ್ಸಾಖ್‌ನಲ್ಲಿ, ಅಂದರೆ ಅಜೆರ್‌ಬೈಜಾನ್‌ನಿಂದ ಬೇರೆಯಾಗಿ ನಿಂತಿದ್ದ ಅರ್ಮೇನಿಯನ್ನರ ನಾಡು ನಾಗೋರ್ನೊ-ಕರಾಬಾಖ್. ಸುಖುಮಿಯದೇ ಪಡಿಯಚ್ಚು. ತೊಂಬತ್ತರ ದಶಕದ ಆರಂಭದ ಯುದ್ಧ, ಓಡಿಹೋದ ಅಜೆರ್‌ಬೈಜಾನಿಗಳು, ಗೆದ್ದು ಉಳಿದ ಅರ್ಮೇನಿಯನ್ನರು, ಯಾರೂ ಒಪ್ಪದ ಒಂದು ಗಣರಾಜ್ಯ. ಅಲ್ಲಿಂದ ಓಡಿಬಂದ ಅಗ್ದಾಮ್ ಊರಿನ ಕ್ಲಬ್ ಕರಾಬಾಖ್, ಅಜೆರ್‌ಬೈಜಾನ್ ರಾಜಧಾನಿ ಬಾಕುವಿನಲ್ಲಿ ನೆಲೆಯೂರಿ, ಅಷ್ಟರಲ್ಲಾಗಲೇ ಚಾಂಪಿಯನ್ಸ್ ಲೀಗ್‌ನಲ್ಲೂ ಆಡಿತ್ತು. ಎಫ್‌ಸಿ ಗಾಗ್ರಾದ ಅಣ್ಣ ಅನ್ನಿ. ರಾಜಧಾನಿ ಸ್ಟೆಪನಕೆರ್ಟ್‌ನಲ್ಲಿ ಉದ್ಘಾಟನೆ, ಎಂಟು ತಂಡ, ದಕ್ಷಿಣ ಒಸೆಟಿಯಾ ಗೆದ್ದಿತು.

ಮರುವರ್ಷವೇ ಯುದ್ಧ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಅಜೆರ್‌ಬೈಜಾನ್ ಉಳಿದದ್ದನ್ನೂ ಹಿಡಿಯಿತು. ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕಾರು, ಲಾರಿ, ಟ್ರ್ಯಾಕ್ಟರ್ ಸಿಕ್ಕಿದ್ದು ಹತ್ತಿ ಒಂದೇ ರಸ್ತೆಯಲ್ಲಿ ಊರು ಬಿಟ್ಟರು. ಕರಾಬಾಖ್ ಕ್ಲಬ್‌ನ ಅಗ್ದಾಮ್ ಈಗ ಮತ್ತೆ ಅಜೆರ್‌ಬೈಜಾನ್ ಕೈಯಲ್ಲಿದೆ, ಯುದ್ಧದಲ್ಲಿ ನೆಲಸಮವಾದ ಊರನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಆರ್ಟ್ಸಾಖ್ ತಂಡದ ಆಟಗಾರರ ಸ್ಟೆಪನಕೆರ್ಟ್‌ನಲ್ಲಿ ಅವರ ಜನ ಈಗ ಇಲ್ಲ.